ಮೂರು ಮೂಲಿ

ಮುರಿಗೆಪ್ಪ ಕಾಕಾನ ಅಂಗಡ್ಯಾಗ
ಖಣ ಮೂರು ಮೂಲಿಗೆ ಮಡಚಿ ಇಟ್ಟಿರತಾವ.
ಸಮೋಸಾದಂಗ ಅಂತ ನಾ ನಕ್ಕರ
ಸಮೋಸಾನ ಖಣದಂಗ ಅಂತಾನ.

ಅದ ಅಂಗಡಿಗೆ ವೆಬ್‌ಸೈಟ್ ಮಾಡಾಕ ಕೂತೀನಿ,
ಗುಳೇದಗುಡ್ಡದ ಬಜಾರದಾಗ, ಗಾದಿ ಮ್ಯಾಲ,
ಲ್ಯಾಪ್‌ಟಾಪಿನ ಬಿಸಿಗೆ ತೊಡಿ ಬೆವತು.
ಎಡಕ್ಕ ಮೆನು. ಒಂದೊಂದು ಹೆಸರಿನ ಮುಂದ
ಸಣ್ಣದೊಂದು ತ್ರಿಕೋನ, ಬಲಕ್ಕ ಮುಖ ಮಾಡಿದ್ದು.
ಒತ್ತಿದರ ಅದು ಕೆಳಗ ಹೊರಳಬೇಕು,
ಒಳಗಿನ ಹೆಸರು ಒಂದರ ಹಿಂದೊಂದು ಇಳೀಬೇಕು,
ಮತ್ತೊಮ್ಮೆ ಒತ್ತಿದರ ಮಡಚಿ ಕೂಡಬೇಕು.
ಇಷ್ಟ ಕೆಲಸ. ನಾಕು ದಿನ ಆತು.

ಮೊದಲನೇ ದಿನ, ಮೌಸ್ ಹತ್ತರ ಬಂದರ ಸಾಕು
ತಾನ ಬಿಚ್ಚಿಕೊಳ್ಳೋ ಹಂಗ ಬರದಿದ್ದೆ.
ಚಂದ ಕಾಣತಿತ್ತು.
ಕಾಕಾ ತನ್ನ ಫೋನಿನ್ಯಾಗ ನೋಡಿದ, ಬಿಚ್ಚಲಿಲ್ಲ.
ಬೆರಳು ಮುಟ್ಟತೈತಿ, ಇಲ್ಲಾ ಮುಟ್ಟೂದಿಲ್ಲ,
ಸುಮ್ಮನ ಮ್ಯಾಲ ಸುಳಿದಾಡೂದು ಅದಕ್ಕ ಗೊತ್ತಿಲ್ಲ.
ಅಳಿಸಿದೆ. ಹನ್ನೊಂದು ಸಾಲು.

ಮರುದಿನ ಕಾಕಾ ಕೇಳಿದ:
"ಮಾಲು ಮುಚ್ಚಿಟ್ಟು ಮಾರೂದು ಯಾವ ವ್ಯಾಪಾರಲೇ?
ಎಲ್ಲಾ ಹರವಿಬಿಡು, ಗಿರಾಕಿ ನೋಡಲಿ."
ಹರವಿದೆ. ಆನೆಹೆಜ್ಜೆ, ಸೂಜಿಮಲ್ಲಿಗೆ, ನಾಗಮುರಿಗೆ, ಬಸವಪಾದ,
ನೂರಾ ಹದಿನಾಲ್ಕು ಹೆಸರು
ಪರದೆ ತುಂಬಿ, ಪರದೆ ದಾಟಿ, ಇಳದು, ಇಳದು,
ಬೆರಳು ಸವದರೂ ತಳ ಸಿಗಲಿಲ್ಲ.
ಕಾಕಾ ಫೋನು ಬೋರಲ ಹಾಕಿ ಚಾ ತರಿಸಿದ.

ಆಮ್ಯಾಲ ಒಂದು ದಿನ ನಾ ಏನೂ ಬರೀಲಿಲ್ಲ,
ಅವನ ಕೈ ನೋಡಕೊಂತ ಕೂತೆ.
ಕಮತಗಿಯಿಂದ ಅತ್ತಿ ಸೊಸಿ ಬಂದಿದ್ದರು,
ಸೊಸಿಯ ಕುಬಸಕ್ಕ ಖಣ ಬೇಕಿತ್ತು.
ಕಾಕಾ ಒಂದು ತೆಗೆದ. ಬಿಚ್ಚಲಿಲ್ಲ.
ಹುಡುಗಿಯ ಕಣ್ಣು ನೋಡಿದ. ಆಮ್ಯಾಲ ಒಂದು ಮಡಿಕಿ.
ತಡದು ಇನ್ನೊಂದು. ಅಂಚು ಕಂಡಿತು, ಮೈ ಕಂಡಿತು.
ಎರಡನೇ ಖಣ ಬಿಚ್ಚಿದಾಗ
ಮೊದಲನೇದನ್ನ ಮಡಚಲಿಲ್ಲ ಅವ.
ಅದು ಹಂಗ, ಆಕಿ ಮುಂದ, ಗಿಳಿಹಸಿರು.
ಇದು ಅದರ ಮಗ್ಗಲಕ್ಕ, ಕುಸುಬಿ ಹೂವಿನ ಬಣ್ಣ.
ಕಣ್ಣು ಎರಡರ ನಡುವ ಓಡ್ಯಾಡಿ ಓಡ್ಯಾಡಿ
ಹಸಿರಿಗೆ ತಿರುಗಿ ಬಂತು.

ನನ್ನ ಮೆನುವಿನ್ಯಾಗ
ಒಂದು ತೆರೆದರ ಇನ್ನೊಂದು ಪಟ್ಟನ ಮುಚ್ಚತಿತ್ತು.
ಅದನ್ನ ನಾ ಶಿಸ್ತು ಅಂದುಕೊಂಡಿದ್ದೆ.
ಬಾಗಲಕೋಟಿ ಕಾಲೇಜಿನ್ಯಾಗ ಹಂಗ ಕಲಿಸಿದ್ದರು,
ಮಾರ್ಕ್ಸೂ ಕೊಟ್ಟಿದ್ದರು.
ರಾತ್ರಿ ಆ ಮುಚ್ಚೋ ಸಾಲು ಕಿತ್ತೆ.
ತೆರೆದದ್ದು ತೆರೆದಿರಲಿ,
ಮಡಚಾಕ ಅವರವರ ಕೈ ಅದಾವು.

ಇವತ್ತು ದುಂಡವ್ವ ಬಂದಳು,
ನೇಯ್ದ ನಲವತ್ತು ಖಣ ಅರಿವ್ಯಾಗ ಗಂಟು ಕಟ್ಟಿ.
"ಇದರಾಗ ನಿಂದೂ ಅದಾವು, ನೋಡಬೇ" ಅಂದೆ.
ಒತ್ತಿದಳು. ಹೊರಳಲಿಲ್ಲ. ಮತ್ತ ಒತ್ತಿದಳು.
ನೂಲು ಎಳೆದೆಳೆದು ನುಣ್ಣಗಾದ ತುದಿ,
ಆಧಾರ್ ಮಷೀನಿಗೂ ಸಿಗದ ಬೆರಳು.
ಬೈಲಿಲ್ಲ. ಬೆರಳು ನಾಲಿಗಿಗೆ ಮುಟ್ಟಿಸಿ,
ರೊಕ್ಕ ಎಣಿಸೋ ಹಂಗ, ಒತ್ತಿದಳು.
ತ್ರಿಕೋನ ತಲಿ ಕೆಳಗ ಮಾಡಿತು.

ಒಂದೊಂದೂ ಓದಿಸಿಕೊಂಡಳು. ಕಡೀಕ "ಇತರೆ".
"ಹಂಗಂದರ?"
"ಹೆಸರಿಲ್ಲದ್ದು. ಎಲ್ಲೂ ಕೂಡದ್ದು."
ತೆರೆದಳು. ಒಳಗ ಒಂದ ಚಿತ್ರ, ಆಕಿಯದ ಖಣ:
ಸಣ್ಣ ಸಣ್ಣ ಕರಿ ಕೊಂಡಿ, ಒಂದರ ಬಾಯಿಗೊಂದು.

"ಇದಕ್ಕ ಹೆಸರ ಐತಲ್ಲ" ಅಂದಳು
ಗಂಟು ಬಿಚ್ಚಕೊಂತ, ಕಾಕಾನ ಕಡೆ ನೋಡದ.
"ಇರಿವಿ ಸಾಲು. ಮಗ್ಗದ ಕುಣ್ಯಾಗ ಬರತಾವಲ್ಲ, ಅವ.
ಯಾರೂ ಕೇಳಲಿಲ್ಲ, ನಾ ಹೇಳಲಿಲ್ಲ."
ಕಾಕಾ ಚಷ್ಮಾ ತೆಗೆದು ಒರಸಿಕೊಂಡ,
ಒರಸೋವಂಥಾದ್ದು ಏನೂ ಇರಲಿಲ್ಲ ಅದರ ಮ್ಯಾಲ.

ಬರದೆ: ಇರಿವಿ ಸಾಲು. ನೂರಾ ಹದಿನೈದು.
ಈಗ "ಇತರೆ" ಖಾಲಿ.
ಒತ್ತಿದರ ಹೊರಳತೈತಿ, ಕೆಳಗ ಏನೂ ಇಳಿಯೂದಿಲ್ಲ.
ತಪ್ಪದು, ತೆಗೀಬೇಕು, ಗೊತ್ತೈತಿ.
ಆದರ ಈ ಓಣಿಯಾಗ ಇನ್ನ ಮೂವತ್ತಾರು ಮಗ್ಗ ಅದಾವು,
ನಾ ಒಂದನ್ನ ಅಷ್ಟ ಕೇಳೀನಿ.